ಸಿರಾ ಗ್ಲಾಸಿನಲ್ಲಿ ಘಟ್ಟದ ಮೆಣಸು

ತಂಪು ಕರಾವಳಿಯಲ್ಲಿ ಬೆಳೆದ ಸಿರಾ ಎಂಬ ದ್ರಾಕ್ಷಿಯ ಕೆಂಪು ವೈನನ್ನು ಮೂಸಿದವರ ಬಾಯಲ್ಲಿ ಮೊದಲು ಬರುವುದು ಹಣ್ಣಿನ ಹೆಸರಲ್ಲ, ಕಾಳುಮೆಣಸಿನದು. ಕ್ಯಾಲಿಫೋರ್ನಿಯಾದ ಸೊನೋಮಾ ತೀರವಿರಲಿ, ಚಿಲಿಯ ಸಾನ್ ಆಂಟೋನಿಯೊ ಕಣಿವೆಯಿರಲಿ, ದಕ್ಷಿಣ ಆಫ್ರಿಕಾದ ಎಲ್ಗಿನ್ ಇರಲಿ, ಬಾಟಲಿಯ ವರ್ಣನೆಯಲ್ಲಿ ಮೆಣಸು ಇದ್ದೇ ಇರುತ್ತದೆ. ಇದನ್ನು ವೈನ್ ರಸಿಕರ ಉತ್ಪ್ರೇಕ್ಷೆ ಎಂದು ತಳ್ಳಿಹಾಕುವಂತಿಲ್ಲ. ಆ ಘಮಕ್ಕೆ ಕಾರಣವಾದ ರೊಟುಂಡೋನ್ ಎಂಬ ಅಣುವನ್ನು ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯವರು ಪತ್ತೆಹಚ್ಚಿ 2008ರಲ್ಲಿ ಪ್ರಕಟಿಸಿದರು. ಕರಿಮೆಣಸಿನ ಘಮದಲ್ಲಿರುವುದೂ ಅದೇ ಅಣು. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯತ್ತ ಏರುವಾಗ, ಕಾಫಿ ತೋಟದ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಬಳ್ಳಿಗಳಲ್ಲಿ ತೂಗುವುದು ಇದೇ ಸರಕು.

ಖಾರವನ್ನೂ ಘಮವನ್ನೂ ಇಲ್ಲಿ ಬೇರೆ ಮಾಡಿ ನೋಡಬೇಕು. ಮೆಣಸು ಕಚ್ಚಿದಾಗ ನಾಲಿಗೆ ಚುರುಗುಟ್ಟುವುದು ಪೈಪರಿನ್‌ನಿಂದ, ವೈನಿನಲ್ಲಿ ಅದಿಲ್ಲ. ಸಾರಿಗೆಂದು ಮೆಣಸು ಕುಟ್ಟಿದೊಡನೆ ಅಡುಗೆಮನೆ ತುಂಬುತ್ತದಲ್ಲ, ಆ ಘಮದ ಒಂದೆಳೆ ಮಾತ್ರ ಗ್ಲಾಸಿಗೆ ಬಂದಿರುತ್ತದೆ. ಅದಕ್ಕೆ ಬೇಕಾದ ಪ್ರಮಾಣವೂ ಅತ್ಯಲ್ಪ. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೋಗ್ರಾಂ ಇದ್ದರೆ ಸೂಕ್ಷ್ಮ ಮೂಗಿಗೆ ಗೊತ್ತಾಗುತ್ತದೆ. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗ. ಹಾಗಿದ್ದೂ ಸುಮಾರು ಐವರಲ್ಲಿ ಒಬ್ಬರಿಗೆ ಬಹಳ ಹೆಚ್ಚು ಹಾಕಿದರೂ ಈ ಅಣುವಿನ ವಾಸನೆ ಹತ್ತುವುದಿಲ್ಲ. ಒಂದೇ ಬಾಟಲಿ ಹಂಚಿಕೊಂಡ ಗೆಳೆಯರಲ್ಲಿ ಒಬ್ಬ ಮೆಣಸು ಎಂದು, ಇನ್ನೊಬ್ಬ ಎಲ್ಲಿದೆಯಯ್ಯಾ ಎಂದು ಜಗಳವಾಡಿದರೆ ಇಬ್ಬರದೂ ಸರಿಯೇ.

ರೊಟುಂಡೋನ್ ಇರುವುದು ದ್ರಾಕ್ಷಿಯ ಸಿಪ್ಪೆಯಲ್ಲಿ. ಹಣ್ಣಾಗುವ ಕೊನೆಯ ವಾರಗಳಲ್ಲಿ ಅದು ಕೂಡಿಕೊಳ್ಳುತ್ತದೆ. ಗೊಂಚಲಿಗೆ ಬಿಸಿಲು ಬಡಿದು ಕಾಯಿ 25 ಡಿಗ್ರಿಗಿಂತ ಹೆಚ್ಚು ಕಾದಷ್ಟೂ ಅದು ಕಡಿಮೆ. ಒಂದೇ ತೋಟದಲ್ಲಿ ಎಲೆಮರೆಯ ಗೊಂಚಲಿಗೂ ಬಿಸಿಲಿಗೆ ಬಿದ್ದ ಗೊಂಚಲಿಗೂ ವ್ಯತ್ಯಾಸವಿರುತ್ತದೆ. ತಣ್ಣನೆಯ ಸಮುದ್ರದ ಉಪಕಾರ ಇರುವುದು ಇಲ್ಲೇ. ಚಿಲಿಯ ತೀರಕ್ಕೆ ದಕ್ಷಿಣ ಧ್ರುವದ ಕಡೆಯಿಂದ ಹಂಬೋಲ್ಟ್ ಪ್ರವಾಹ ತಣ್ಣೀರು ತರುತ್ತದೆ. ಸೊನೋಮಾದಲ್ಲಿ ಪೆಸಿಫಿಕ್‌ನ ಮಂಜು ಬೆಳಗಿನ ಹೊತ್ತು ತೋಟ ಬಿಟ್ಟು ಕದಲುವುದಿಲ್ಲ. ಹಣ್ಣು ನಿಧಾನ ಮಾಗುತ್ತದೆ, ಹುಳಿ ಉಳಿಯುತ್ತದೆ, ಸಕ್ಕರೆ ಮಿತಿಮೀರದ ಕಾರಣ ಮದ್ಯಾಂಶವೂ ಹಿಡಿತದಲ್ಲಿರುತ್ತದೆ. ಮೆಣಸಿನ ಹಿಂದೆಯೇ ವಯೊಲೆಟ್ ಹೂವು, ಕಪ್ಪು ಆಲಿವ್, ಹೊಗೆಗೆ ಒಡ್ಡಿದ ಮಾಂಸದ ವಾಸನೆ ಬರುತ್ತವೆ. ಇದೇ ಬಳ್ಳಿಯನ್ನು ಆಸ್ಟ್ರೇಲಿಯಾದ ಬೆಚ್ಚನೆಯ ಬರೋಸಾದಲ್ಲಿ ನೆಟ್ಟರೆ ಸಿಗುವುದು ಜಾಮ್, ಚಾಕೊಲೇಟ್, ದಪ್ಪ ಮೈ. ಅಲ್ಲಿ ಅದರ ಹೆಸರು ಶಿರಾಜ್.

ನಮಗೂ ಕರಾವಳಿಯಿದೆ, ಆದರೆ ಅರಬ್ಬಿ ಸಮುದ್ರ ಬೆಚ್ಚನೆಯದು. ಮಂಗಳೂರಿನ ರಾತ್ರಿ ಸೆಕೆ ಬಿಡುವುದಿಲ್ಲ, ಮುಂಗಾರು ಬಂದರೆ ಮಳೆ ಬಿಡುವುದಿಲ್ಲ. ಕರ್ನಾಟಕದಲ್ಲಿ ತಂಪು ಕೊಡುವುದು ಎತ್ತರ. ನೂರು ಮೀಟರ್ ಏರಿದರೆ ಅರ್ಧ ಡಿಗ್ರಿಗೂ ಹೆಚ್ಚು ಉಷ್ಣ ಇಳಿಯುತ್ತದೆ. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಹುಟ್ಟಿದ ಗ್ರೋವರ್ ವೈನ್ ಸಂಸ್ಥೆ ನಂಬಿದ್ದು ಸುಮಾರು 900 ಮೀಟರಿನ ಆ ಎತ್ತರವನ್ನೇ. ಅವರ ಹೆಸರುವಾಸಿ ಲಾ ರಿಸರ್ವ್ ಕೆಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಬೆರೆಸಿದ ವೈನ್. ಇಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಬಾರಿ ಚಾಟನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ. ಮಳೆ ಮುಗಿಯುವ ಹೊತ್ತಿಗೆ ಎರಡನೆಯದನ್ನು ಮಾಡಿ ಚಳಿಗಾಲದಲ್ಲಿ ಕಾಯಿ ಬೆಳೆಸಿ, ಫೆಬ್ರವರಿ–ಮಾರ್ಚ್‌ನಲ್ಲಿ ಕೊಯ್ಯುತ್ತಾರೆ. ತರೀಕೆರೆ ಕಡೆಯ ತೋಟಗಳಲ್ಲಿ ಏಣಿ ಹಾಕಿ ಮೆಣಸು ಕೊಯ್ಯುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ.

ತೊಡಕಿರುವುದು ಈ ಲೆಕ್ಕದ ಕೊನೆಯಲ್ಲಿ. ಯುರೋಪಿನಲ್ಲಿ ದ್ರಾಕ್ಷಿ ಮಾಗುವಾಗ ಋತು ತಂಪಿನತ್ತ ವಾಲುತ್ತದೆ, ನಮ್ಮಲ್ಲಿ ಬೇಸಿಗೆಯತ್ತ. ಮೆಣಸು ಕೂಡಬೇಕಾದ ವಾರಗಳಲ್ಲೇ ಬಿಸಿಲು ಏರುತ್ತದೆ. ಹಾಗಾಗಿ ನಮ್ಮ ಶಿರಾಜ್‌ನಲ್ಲಿ ಮಾಗಿದ ಹಣ್ಣು ಮುಂದೆ, ಮೆಣಸು ಹಿಂದೆ. ಇನ್ನೂ ಎತ್ತರಕ್ಕೆ ಹೋದರಾಯಿತಲ್ಲ ಎನ್ನಬಹುದು. ಕೆಮ್ಮಣ್ಣುಗುಂಡಿ 1,400 ಮೀಟರ್ ದಾಟಿದೆ, ತಂಪಿಗೆ ಕೊರತೆಯಿಲ್ಲ; ಆದರೆ ಅಲ್ಲಿನ ಮಳೆ, ಮಂಜಿನಲ್ಲಿ ದ್ರಾಕ್ಷಿ ಎಲೆಗೆ ಬೂಷ್ಟು ಹಿಡಿಯುತ್ತದೆ. ಬಾಬಾಬುಡನ್ ಗಿರಿಶ್ರೇಣಿ ಮಳೆಯನ್ನು ತಡೆಯುವುದರಿಂದ ಪೂರ್ವದ ಕಡೂರು, ಅಜ್ಜಂಪುರದ ಬಯಲು ಒಣಗಿದೆ; ಅಲ್ಲಿ ರೋಗದ ಭಯ ಕಡಿಮೆ, ಆದರೆ ಎತ್ತರ ನಂದಿಯ ತಪ್ಪಲಿಗಿಂತಲೂ ಕೆಳಗೆ. ತಂಪಿದ್ದಲ್ಲಿ ಮಳೆ, ಮಳೆಯಿಲ್ಲದಲ್ಲಿ ಬಿಸಿಲು. ಘಟ್ಟದ ಮೇಲೆ ಮೆಣಸಿನ ಬಳ್ಳಿಯೇ ಗೆದ್ದಿರುವುದು ನ್ಯಾಯವಾಗಿಯೇ ಇದೆ.

ಕುಡಿಯುವವರಿಗೆ ಎರಡು ಮಾತು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂಬುದು ಚಳಿದೇಶದ ಸಲಹೆ. ಕಡೂರಿನ ಏಪ್ರಿಲ್ ಕೋಣೆಯಲ್ಲಿ ಹಾಗೆ ಕುಡಿದರೆ ಸ್ಪಿರಿಟ್ ವಾಸನೆ ಬಿಟ್ಟು ಬೇರೇನೂ ಸಿಗದು. ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು, 16–18 ಡಿಗ್ರಿಗೆ ತಂದು ಸುರಿಯಿರಿ. ಮೊದಲು ವೈನ್ ಮೂಸಿ, ಆಮೇಲೆ ನಾಲ್ಕು ಕಾಳು ಮೆಣಸು ಜಜ್ಜಿ ಮೂಸಿ. ಕ್ರಮ ತಪ್ಪಿದರೆ ಮೆಣಸಿನ ಮುಂದೆ ವೈನ್ ಸೋಲುತ್ತದೆ. ಊಟಕ್ಕೆ ಮೆಣಸು ಹಾಕಿ ಹುರಿದ ಮಟನ್ ಅಥವಾ ಅಣಬೆ ಇರಲಿ. ಒಣಮೆಣಸಿನಕಾಯಿಯ ಕೆಂಪು ಸಾರು ಬೇಡ, ಅದರ ಉರಿ ಮದ್ಯದ ಉರಿಯನ್ನೂ ಒಗರನ್ನೂ ಹೆಚ್ಚಿಸುತ್ತದೆ. ಮೆಣಸಿನ ಘಮವೇ ಬೇಕೆಂಬವರು ಚಿಲಿಯ ತೀರದ ಸಿರಾ ಕೊಳ್ಳಿ. ಊಟಕ್ಕೆ ಹೊಂದುವ, ಹಣ್ಣು ತುಂಬಿದ ಕೆಂಪು ವೈನ್ ಸಾಕೆಂಬವರಿಗೆ ನಂದಿಯ ಶಿರಾಜ್ ಧಾರಾಳವಾಯಿತು.