ಮೈಲೇಜಿನ ಅಂಕಿ, ಮನೆಯ ಲೆಕ್ಕ

2022ರಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ತಯಾರಾಗಿ ಬಂದ ಮಾರುತಿ ಗ್ರ್ಯಾಂಡ್ ವಿಟಾರಾ ಹೈಬ್ರಿಡ್ ಗಾಡಿಗೆ ಲೀಟರಿಗೆ 27.97 ಕಿ.ಮೀ. ಎಂಬ ಪ್ರಮಾಣಪತ್ರವಿತ್ತು. ಅಂಕಿ ಸುಳ್ಳಲ್ಲ, ಆದರೆ ಅದು ಪರೀಕ್ಷಾಗಾರದ ರೋಲರುಗಳ ಮೇಲೆ, ಗಂಟೆಗೆ 90 ಕಿ.ಮೀ. ಮೀರದಂತೆ ಓಡಿಸಿ ಪಡೆದದ್ದು. ಅಲ್ಲಿ ಘಾಟಿಯಿಲ್ಲ, ಊರಿನಿಂದ ತರುವ ಜೋಳದ ಚೀಲವೂ ಇಲ್ಲ!

ಮೆಚ್ಚಬೇಕಾದದ್ದೂ ಉಂಟು. ಸಿಗ್ನಲ್ಲಿನಲ್ಲಿ ಎಂಜಿನ್ ಸುಮ್ಮನಾಗುತ್ತದೆ. ಬ್ರೇಕು ಒತ್ತಿದಾಗ ವ್ಯರ್ಥವಾಗುವ ಶಕ್ತಿಯ ಒಂದು ಪಾಲು ಬ್ಯಾಟರಿಗೆ ಸೇರುತ್ತದೆ. ಪುಣೆಯ ಸಂಜೆಯ ದಟ್ಟಣೆಯಲ್ಲಿ ಇದು ನಿಜವಾದ ಲಾಭ. ಸೊಲ್ಲಾಪುರದ ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವಾಗ ಆ ಲಾಭ ಕರಗುತ್ತದೆ. ಬ್ಯಾಟರಿಯಿಂದಾಗಿ ಡಿಕ್ಕಿಯೂ ಕಿರಿದಾಗಿದೆ.

ಇನ್ನು ದುಡ್ಡು. ಚಿಕ್ಕ ಬ್ಯಾಟರಿಯ ಸಾದಾ ಮಾದರಿಯ ಅಂಕಿ 21.11. ವರ್ಷಕ್ಕೆ 10,000 ಕಿ.ಮೀ. ಓಡಿಸಿದರೆ ಹೈಬ್ರಿಡ್ಡಿನಲ್ಲಿ ಉಳಿಯುವುದು 116 ಲೀಟರು. ಲೀಟರಿಗೆ 100 ರೂಪಾಯಿ ಹಿಡಿದರೆ 11,600. ಬಿಡುಗಡೆಯಾದಾಗ ಆರಂಭದ ಬೆಲೆಗಳು 10.45 ಮತ್ತು 17.99 ಲಕ್ಷ. ವ್ಯತ್ಯಾಸದ ಅರ್ಧವನ್ನು ಹೆಚ್ಚಿನ ಸೌಕರ್ಯಗಳಿಗೆಂದು ಬಿಟ್ಟರೂ, ಉಳಿದದ್ದು ಪೆಟ್ರೋಲಿನಲ್ಲಿ ತೀರಲು 32 ವರ್ಷ ಮೀರುತ್ತದೆ. ನನ್ನ ನಿವೃತ್ತಿಗೆ ಆಗ ಇದ್ದದ್ದು 16 ವರ್ಷ. ಸಾದಾ ಮಾದರಿಗೇ ಮುಂಗಡ ಕೊಟ್ಟೆ. ಮಗಳ ಮುನಿಸು ಇನ್ನೂ ಇಳಿದಿಲ್ಲ.