ಯಂತ್ರನಾದದಲ್ಲಿ ಉಸಿರು: ಲ್ಯೂನಿಂಗ್ ಮತ್ತು ಉಸಚೆವ್‌ಸ್ಕಿಯವರ ಮೊದಲ ಕೃತಿಗಳು

ಯಂತ್ರದಿಂದ ಹೊರಟ ನಾದವನ್ನು ಸಂಗೀತವೆಂದು ಒಪ್ಪಿಕೊಳ್ಳಲು ರಸಿಕನ ಮನಸ್ಸು ಸುಲಭವಾಗಿ ಸಿದ್ಧವಾಗದು. ಊದುವವನ ಉಸಿರೂ ಮೀಟುವವನ ಬೆರಳೂ ಇಲ್ಲದೆಡೆಯಲ್ಲಿ ಭಾವವೆಲ್ಲಿಯದೆಂಬ ಆಕ್ಷೇಪವು ಸಹಜವಾದುದೇ. ಅದನ್ನು ಪರೀಕ್ಷಿಸುವುದಕ್ಕೆ ಅಮೆರಿಕದ ಇಬ್ಬರು ಗೆಳೆಯರು 1952ರಲ್ಲಿ ರಚಿಸಿದ ಕೆಲವು ಕಿರುಕೃತಿಗಳು ತಕ್ಕ ನಿದರ್ಶನವಾಗಿವೆ.

ಒಟ್ಟೊ ಲ್ಯೂನಿಂಗ್ (1900–1996) ಮತ್ತು ವ್ಲಾಡಿಮಿರ್ ಉಸಚೆವ್‌ಸ್ಕಿ (1911–1990) ಇಬ್ಬರೂ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಅಧ್ಯಾಪಕರು. ಪ್ಯಾರಿಸ್ಸಿನಲ್ಲಿ ಪಿಯರ್ ಶೇಫರ್ 1948ರಲ್ಲಿ ರೈಲಿನ ಸದ್ದನ್ನೇ ಕೃತಿಯಾಗಿಸಿದಾಗ ಅವರಿಗೆ ರೇಡಿಯೊ ಸಂಸ್ಥೆಯ ಆಶ್ರಯವಿದ್ದಿತು. ಈ ಗೆಳೆಯರಿಗೆ ಅಂತಹ ಸೌಕರ್ಯವಿರಲಿಲ್ಲ. ಟೇಪ್‌ರೆಕಾರ್ಡರುಗಳನ್ನು ಕಾರಿನಲ್ಲಿ ಹೇರಿಕೊಂಡು, ವುಡ್‌ಸ್ಟಾಕ್‌ನಲ್ಲಿದ್ದ ಸಂಗೀತಕಾರ ಹೆನ್ರಿ ಕವೆಲ್ಲರ ಮನೆ, ಉಸಚೆವ್‌ಸ್ಕಿಯವರ ಸ್ವಂತ ಮನೆಯ ನಡುಕೋಣೆ, ಹೀಗೆ ಒದಗಿದೆಡೆಯಲ್ಲಿ ಅವರು ಪ್ರಯೋಗ ನಡೆಸಿದರು. 1952ರ ಅಕ್ಟೋಬರ್ 28ರಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಆ ಕೃತಿಗಳು ಸಭೆಯ ಮುಂದೆ ಬಂದುವು.

ಅವರ ವಿಧಾನವು ಸರಳವಾದುದು. ಮುದ್ರಿತವಾದ ಟೇಪನ್ನು ಅರ್ಧ ವೇಗದಲ್ಲಿ ಓಡಿಸಿದರೆ ಸ್ವರವು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಅದರ ಕಾಲವೂ ಇಮ್ಮಡಿಯಾಗುತ್ತದೆ. ಲ್ಯೂನಿಂಗರ ‘ಲೋ ಸ್ಪೀಡ್’ ಎಂಬ ಕೃತಿಯಲ್ಲಿ ಅವರೇ ನುಡಿಸಿದ ಫ್ಲೂಟ್, ಸಾಮಾನ್ಯ ಕೊಳಲು ಮುಟ್ಟಲಾಗದ ಮಂದ್ರಕ್ಕೆ ಇಳಿಯುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ವೇಗವು ತಗ್ಗಿದಾಗ ಸ್ವರದೊಡನೆ ಊದಿದ ಉಸಿರೂ, ಸ್ವರ ಮೂಡುವ ಕ್ಷಣದ ತುಯ್ದಾಟವೂ ಹಿಗ್ಗಿ ಕೇಳಿಸುತ್ತವೆ. ಯಂತ್ರವು ಮನುಷ್ಯನ ಗುರುತನ್ನು ಅಳಿಸುವುದಿಲ್ಲ, ಹಿಗ್ಗಲಿಸಿ ತೋರಿಸುತ್ತದೆ. ಆಕ್ಷೇಪಕ್ಕೆ ಉತ್ತರವು ಕೃತಿಯೊಳಗೇ ಇದೆ.

ಆದರೆ ದೋಷಗಳನ್ನು ಮರೆಮಾಚಲಾಗದು. ‘ಫ್ಯಾಂಟಸಿ ಇನ್ ಸ್ಪೇಸ್’ ಕೃತಿಯಲ್ಲಿ ಪ್ರತಿಧ್ವನಿಯು ಹಲವೆಡೆ ಅಲಂಕಾರ ಮಾತ್ರವಾಗಿದೆ. ಅದನ್ನು ತೆಗೆದುಹಾಕಿದರೆ ಉಳಿಯುವುದು ಪರಿಚಿತವಾದ ಇಂಪು. ಉಸಚೆವ್‌ಸ್ಕಿಯವರ ‘ಸಾನಿಕ್ ಕಾಂಟೂರ್ಸ್’ ಇದಕ್ಕಿಂತ ಧೀರವಾದುದು. ಅಲ್ಲಿ ಪಿಯಾನೊ ನಾದವು ಗಂಟೆಯಂತೆಯೂ ಗುಡುಗಿನಂತೆಯೂ ರೂಪಾಂತರ ಹೊಂದುತ್ತದೆ. ಪ್ರತಿಧ್ವನಿಯೇ ಕೃತಿಯ ಕಟ್ಟಡವಾಗುತ್ತದೆ. ಒಬ್ಬರಲ್ಲಿ ಮಾಧುರ್ಯ, ಇನ್ನೊಬ್ಬರಲ್ಲಿ ಸಾಹಸ: ಎರಡನ್ನೂ ಒಟ್ಟಿಗೆ ಕೇಳಿದಾಗಲೇ ಆ ಗೆಳೆತನದ ಬೆಲೆ ತಿಳಿಯುತ್ತದೆ.

ಮುಂದೆ 1959ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕೊಲಂಬಿಯ-ಪ್ರಿನ್ಸ್‌ಟನ್ ವಿದ್ಯುನ್ಮಾನ ಸಂಗೀತ ಕೇಂದ್ರವು ಸ್ಥಾಪಿತವಾಯಿತು. ಒಂದು ಕೋಣೆಯನ್ನೇ ತುಂಬುವ ಸಿಂಥಸೈಜರ್ ಯಂತ್ರವೂ ಅಲ್ಲಿಗೆ ಬಂದಿತು. ಇದನ್ನು ಕಂಡು ಮನೆಯ ಪ್ರಯೋಗಗಳನ್ನು ಬರಿಯ ಮೆಟ್ಟಿಲುಗಳೆಂದು ಎಣಿಸುವುದುಂಟು. ಅದು ಸರಿಯಲ್ಲ. ಉಪಕರಣದ ಬಡತನವೇ ಅವರನ್ನು ತಮ್ಮ ಕೈಯಲ್ಲಿದ್ದ ವಾದ್ಯಕ್ಕೆ ಮರಳಿಸಿತು. ಆದುದರಿಂದಲೇ ಆ ನಾದದಲ್ಲಿ ಉಸಿರು ಉಳಿಯಿತು. ಈ ಸಂಗೀತವನ್ನು ತರಗತಿಯಲ್ಲಿ ಪರಿಚಯಿಸುವವರು ಯಂತ್ರದ ವಿವರಣೆಗೆ ಮೊದಲು ‘ಲೋ ಸ್ಪೀಡ್’ ಕೇಳಿಸುವುದು ಲೇಸು. ತತ್ತ್ವವಿಚಾರವು ಕಿವಿ ಕೇಳಿದ ಮೇಲೆ ಬರಲಿ.