ಕಾವಲಿಯೇ ತೂತು

1996ರಲ್ಲಿ ಅಮೆರಿಕನ್ ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್ಮನ್ ಟ್ರೋಫಿಗೆ ಮತ ಹಾಕಲಿದ್ದವರಿಗೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಒಂದು ಪುಟ್ಟ ಉಡುಗೊರೆ ಕಳಿಸಿತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಬಿಲ್ಲೆ, ಪ್ಯಾನ್‌ಕೇಕಿನ ಆಕಾರದ್ದು. ನಮ್ಮ ಹುಡುಗ ಒರ್ಲಾಂಡೊ ಪೇಸ್ ಎದುರಾಳಿಗಳನ್ನು ದೋಸೆ ಮಗುಚಿದ ಹಾಗೆ ಮಗುಚುತ್ತಾನೆ, ಮತ ಹಾಕುವಾಗ ಮರೆಯಬೇಡಿ ಎಂಬುದು ಅದರ ಅರ್ಥ. ಪ್ರಚಾರವೆಂದ ಮೇಲೆ ಇಷ್ಟು ತಮಾಷೆ ಇರಲಿ. ನನ್ನ ತಕರಾರು ಪ್ರಚಾರದ ಮೇಲಲ್ಲ, ಅದರ ನಂತರ ಬಂದ ಬರಹಗಳ ಮೇಲೆ. ಪೇಸ್‌ನ ಕಾಲೇಜು ದಿನಗಳ ಬಗ್ಗೆ ಬರೆಯುವವರು ಇವತ್ತಿಗೂ ಆ ಬಿಲ್ಲೆಯನ್ನು ಫ್ರಿಜ್ಜಿನಿಂದ ಕಿತ್ತು ಕಣ್ಣಿಗೇ ಅಂಟಿಸಿಕೊಂಡಿದ್ದಾರೆ.

ಅವನ ಸಾಧನೆಯ ಪಟ್ಟಿ ಗೊತ್ತಿರುವಂಥದ್ದೇ. 1994ರಿಂದ 1996ರವರೆಗೆ ಮೂರು ಋತು. ಮೊದಲ ವರ್ಷದ ಮೊದಲ ಪಂದ್ಯದಿಂದಲೇ ಮುಂಸಾಲಿನ ಎಡ ಅಂಚಿನ ಲೆಫ್ಟ್ ಟ್ಯಾಕಲ್ ಜಾಗ. ಸತತ ಎರಡು ಲೊಂಬಾರ್ಡಿ ಪ್ರಶಸ್ತಿ, ಒಂದು ಔಟ್‌ಲ್ಯಾಂಡ್ ಪ್ರಶಸ್ತಿ. ಹೈಸ್ಮನ್ ಮತದಾನದಲ್ಲಿ ನಾಲ್ಕನೆಯ ಸ್ಥಾನ. 1997ರಲ್ಲಿ, ವೃತ್ತಿಪರ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟಿನಲ್ಲಿ, ಎಲ್ಲರಿಗಿಂತ ಮೊದಲ ಆಯ್ಕೆ. ಈ ಪಟ್ಟಿಯ ಒಂದು ಸಾಲಿನ ಬಗ್ಗೆಯೂ ನನಗೆ ಜಗಳವಿಲ್ಲ. ಪೇಸ್ ದೊಡ್ಡ ಆಟಗಾರ. ಆದರೆ ಅವನು ಯಾಕೆ ದೊಡ್ಡವನು ಎಂದು ಕೇಳಿದರೆ ಅವನ ಭಕ್ತರು ಕೊಡುವ ‘ಪ್ಯಾನ್‌ಕೇಕ್’ ಎಂಬ ಉತ್ತರ ತಪ್ಪು. ಎಲ್ಲರ ಮನೆ ದೋಸೆಯೂ ತೂತು ಅನ್ನುತ್ತಾರೆ. ಇಲ್ಲಿ ತೂತಾಗಿರುವುದು ಕಾವಲಿ.

ಪ್ಯಾನ್‌ಕೇಕ್ ಅನ್ನುವುದೇನು? ಬ್ಲಾಕ್ ಮಾಡುವವನು, ಅಂದರೆ ಚೆಂಡು ಹಿಡಿದ ತನ್ನವನಿಗಾಗಿ ಎದುರಾಳಿಯನ್ನು ತಡೆಯುವವನು, ಅವನನ್ನು ಬೆನ್ನು ನೆಲಕ್ಕೆ ಹತ್ತುವಂತೆ ಕೆಡವಿದರೆ ಒಂದು ಪ್ಯಾನ್‌ಕೇಕ್. ಎಣಿಸುವವರು ಯಾರು? ಅವನದೇ ತಂಡದ ಕೋಚುಗಳು, ಪಂದ್ಯ ಮುಗಿದ ಮೇಲೆ ಫಿಲ್ಮ್ ಹಾಕಿಕೊಂಡು. ಮೊಣಕಾಲೂರಿದರೆ ಸಾಕೋ, ಬೆನ್ನೇ ತಾಗಬೇಕೋ, ಚೆಂಡು ಎತ್ತಲೋ ಹೋದ ಮೇಲೆ ಕೆಡವಿದ್ದೂ ಸೇರುತ್ತದೋ, ಇವೆಲ್ಲ ಒಂದೊಂದು ಕಾಲೇಜಿನಲ್ಲಿ ಒಂದೊಂದು ಲೆಕ್ಕ. ಬೀಗತಿಯೇ ಬಡಿಸಿ, ಬೀಗತಿಯೇ ಎಲೆ ಎಣಿಸಿದ ಹಾಗೆ.

ಇದಿಷ್ಟೇ ಆಗಿದ್ದರೆ ಎಣಿಕೆಯ ದೋಷವೆಂದು ಬಿಟ್ಟುಬಿಡಬಹುದಿತ್ತು. ತೊಂದರೆ ಇನ್ನೂ ಆಳದಲ್ಲಿದೆ. ಸ್ನ್ಯಾಪ್ ಆಗಿ ಚೆಂಡು ಹಿಂದಕ್ಕೆ ಬಂದ ಕ್ಷಣ ಒಳ್ಳೆಯ ಟ್ಯಾಕಲ್ ಏನು ಮಾಡುತ್ತಾನೆ ನೋಡಿ. ಅವನ ಮೊದಲ ಹೆಜ್ಜೆ ಅಂಗೈಯಗಲದ್ದು. ಎದುರಾಳಿಯ ಮೈ ತಾಗುವ ಹೊತ್ತಿಗೆ ಎರಡನೆಯ ಹೆಜ್ಜೆ ನೆಲ ಹಿಡಿದಿರಬೇಕು. ಮೊಣಕೈ ಪಕ್ಕೆಗೆ ಹತ್ತಿರ, ಅಂಗೈ ಎದುರಾಳಿಯ ಎದೆಯ ನಡುವೆ, ಸೊಂಟ ಅವನ ಸೊಂಟಕ್ಕಿಂತ ಕೆಳಗೆ. ಆಮೇಲೆ ಗೇಣುದ್ದದ ಹೆಜ್ಜೆಗಳು, ನಿಲ್ಲದಂತೆ. ಕಾಲು ನಿಂತರೆ ಭಾರವೆಲ್ಲ ಎದೆಗೆ ಏರುತ್ತದೆ, ಮೈ ಮುಂದಕ್ಕೆ ವಾಲುತ್ತದೆ. ವಾಲಿದವನನ್ನು ಎಳೆದು ಬೀಳಿಸುವುದು ಚುರುಕಿನ ಎದುರಾಳಿಗೆ ನೀರು ಕುಡಿದಷ್ಟು ಸುಲಭ.

ಇಷ್ಟೆಲ್ಲ ಆದ ಮೇಲೆ ಎದುರಾಳಿ ಬೀಳಬಹುದು, ಬೀಳದಿರಬಹುದು. ಬಿದ್ದರೆ ಯಾಕೆ ಬಿದ್ದ? ನಿಜವಾಗಿ ದಬ್ಬಿಸಿಕೊಂಡು ಬಿದ್ದಿರಬಹುದು. ಚೆಂಡು ಎತ್ತ ಹೋಯಿತೆಂದು ತಿರುಗಿದಾಗ ಒಂಟಿ ಕಾಲಿನ ಮೇಲಿದ್ದು ಬಿದ್ದಿರಬಹುದು. ಹಿಂದೆ ಮೊದಲೇ ಬಿದ್ದಿದ್ದ ಇನ್ನೊಬ್ಬನ ಕಾಲು ತೊಡರಿ ಬಿದ್ದಿರಬಹುದು. ಬಿಲ್ಲೆಯ ಲೆಕ್ಕದಲ್ಲಿ ಮೂರೂ ಒಂದೇ. ಇನ್ನು ಎದುರಾಳಿ ಬೀಳದೆ, ನಿಂತ ನಿಲುವಿನಲ್ಲೇ ಎರಡು ಗಜ ಪಕ್ಕಕ್ಕೆ ಸರಿದು, ಆ ಸಂದಿನಲ್ಲಿ ಓಟಗಾರ ದಾಟಿಹೋದನೆನ್ನಿ. ಆಟ ಗೆದ್ದದ್ದು ಆ ಸಂದಿನಿಂದ. ಲೆಕ್ಕದಲ್ಲಿ ಸೊನ್ನೆ.

ಯಾರೂ ಹೇಳದ ಮಾತು ಇನ್ನೊಂದಿದೆ. ಪ್ಯಾನ್‌ಕೇಕ್ ಮಾಡಿದವನು ಸಾಮಾನ್ಯವಾಗಿ ಎದುರಾಳಿಯ ಮೇಲೆ ತಾನೂ ಬೀಳುತ್ತಾನೆ. ಬಿದ್ದ ಮೇಲೆ ಆ ಆಟದಲ್ಲಿ ಅವನ ಪಾತ್ರ ಮುಗಿಯಿತು. ಓಟದ ಆಟದಲ್ಲಿ ಟ್ಯಾಕಲ್‌ನ ಕೆಲಸದ ಕಷ್ಟದ ಭಾಗ ಶುರುವಾಗುವುದೇ ಅಲ್ಲಿಂದ. ಟ್ಯಾಕಲ್ ಮತ್ತು ಅವನ ಪಕ್ಕದ ಗಾರ್ಡ್ ಇಬ್ಬರೂ ಸೇರಿ ಎದುರಾಳಿಯ ಮೊದಲ ಸಾಲಿನವನನ್ನು ಅಲುಗಿಸಬೇಕು. ಅಲುಗಿದನೆಂದು ಭುಜಕ್ಕೆ ತಿಳಿದ ಕೂಡಲೇ ಒಬ್ಬ ಕಳಚಿಕೊಂಡು ಹಿಂದಿನ ಸಾಲಿನ ಲೈನ್‌ಬ್ಯಾಕರ್‌ನನ್ನು ಹಿಡಿಯಲು ಹೋಗಬೇಕು. ಬೇಗ ಕಳಚಿದರೆ ಮೊದಲನೆಯವನು ಸೀಳಿಕೊಂಡು ಒಳಗೆ ಬರುತ್ತಾನೆ. ತಡವಾದರೆ ಲೈನ್‌ಬ್ಯಾಕರ್ ಓಟಗಾರನನ್ನು ಎರಡೇ ಗಜಕ್ಕೆ ಕೆಡವುತ್ತಾನೆ. ಭಾಗವತರ ಪದ ಮುಗಿಯುವ ಹೊತ್ತಿಗೆ ಮದ್ದಳೆಯವನ ಕೈ ಎಲ್ಲಿರಬೇಕೆಂದು ಅವನಿಗೆ ಯಾರೂ ಹೇಳಿಕೊಡುವುದಿಲ್ಲವಲ್ಲ, ಅಂಥ ತಿಳಿವು ಇದು. ಆರು ಅಡಿ ಏಳು ಅಂಗುಲದ, ಮುನ್ನೂರು ಪೌಂಡಿಗೂ ಮಿಕ್ಕಿದ ಆಳೊಬ್ಬ ಈ ಕಳಚುವಿಕೆಯನ್ನು ಸಲೀಸಾಗಿ ಮಾಡುತ್ತಿದ್ದನೆಂಬುದು ಪೇಸ್‌ನ ದೊಡ್ಡಸ್ತಿಕೆ. ಅದಕ್ಕೆ ಬೇಕಾದದ್ದು ಕಾಲಿನ ಮೇಲೆ ಉಳಿಯುವುದು. ನಾವು ಕೊಂಡಾಡಿದ್ದು ಬೀಳುವುದನ್ನು.

ಟಿವಿ ಕ್ಯಾಮೆರಾ ಚೆಂಡಿನ ಬೆನ್ನು ಹತ್ತಿ ಹೋಗುತ್ತದೆ. ಹಳೆಯ ಪಂದ್ಯಗಳನ್ನು ನೋಡುವಾಗ ಪೇಸ್ ಚೌಕಟ್ಟಿನ ಅಂಚಿನಿಂದ ಜಾರಿಹೋಗಿರುತ್ತಾನೆ. ಅವನನ್ನೇ ನೋಡಬೇಕೆಂದರೆ ರೀಪ್ಲೇ ಬೇಕು. ರೀಪ್ಲೇ ಹಾಕುವವನು ಆರಿಸುವುದು ಯಾರಾದರೂ ಅಂಗಾತ ಬಿದ್ದ ತುಣುಕನ್ನೇ. ಅಭಿರುಚಿ ಕೆಡುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಬೇಕೆ?

ಕೆಟ್ಟ ಅಭಿರುಚಿಗೆ ತೆರಬೇಕಾದ ಬೆಲೆಯೂ ದೊಡ್ಡದೇ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಟ್ಯಾಕಲ್ ಟೋನಿ ಮ್ಯಾಂಡರಿಚ್‌ನನ್ನು ನೆನೆಯಿರಿ. 1989ರಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಮುಖಪುಟದಲ್ಲಿ ಅಂಗಿಯಿಲ್ಲದೆ ನಿಂತವನು. ಎದುರಾಳಿಗಳನ್ನು ಅವನು ನೆಲಕ್ಕೆ ಒಗೆಯುವ ದೃಶ್ಯಗಳಿಗೆ ಮಾರುಹೋದ ಗ್ರೀನ್ ಬೇ ತಂಡ ಆ ವರ್ಷದ ಡ್ರಾಫ್ಟಿನಲ್ಲಿ ಎರಡನೆಯವನಾಗಿ ಅವನನ್ನು ಆರಿಸಿತು. ಅವನ ನಂತರದ ಮೂರು ಆಯ್ಕೆಗಳು ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್, ಡಿಯಾನ್ ಸ್ಯಾಂಡರ್ಸ್. ಮೂವರೂ ಹಾಲ್ ಆಫ್ ಫೇಮ್ ಸೇರಿದರು. ಮ್ಯಾಂಡರಿಚ್ ಗ್ರೀನ್ ಬೇಯಲ್ಲಿ ನಿಲ್ಲಲಿಲ್ಲ. ಕಾಲೇಜಿನಲ್ಲಿ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದುದನ್ನು 2008ರಲ್ಲಿ ಅವನೇ ಒಪ್ಪಿಕೊಂಡ. ಎಲ್ಲರೂ ಆ ತಪ್ಪೊಪ್ಪಿಗೆಯಲ್ಲೇ ಕಥೆ ಮುಗಿಸುತ್ತಾರೆ. ನನಗೆ ಮುಖ್ಯವಾದದ್ದು ಬೇರೆ: ಓಟವನ್ನೇ ನಂಬಿದ್ದ ತಂಡದಲ್ಲಿ ಮುಂದಕ್ಕೆ ನುಗ್ಗಿ ಕೆಡವುವುದನ್ನು ನೋಡಿ ಮೆಚ್ಚಿದವರು, ಈತ ಹಿಂದಕ್ಕೆ ಹೆಜ್ಜೆಯಿಡುವುದು ಹೇಗೆಂದು ಕೇಳಲಿಲ್ಲ. ವೃತ್ತಿಪರ ಆಟದಲ್ಲಿ ಟ್ಯಾಕಲ್‌ಗೆ ಅನ್ನ ಕೊಡುವುದು ಹಿಂದಿನ ಹೆಜ್ಜೆ.

ಇಲ್ಲಿ ಮೈಕೆಲ್ ಲೂಯಿಸ್‌ನ ಓದುಗರು ಎದ್ದು ನಿಲ್ಲುತ್ತಾರೆಂದು ಬಲ್ಲೆ. ನಾವೂ ಅದನ್ನೇ ಹೇಳುವುದು ಅನ್ನುತ್ತಾರೆ. 2006ರ ಅವನ ‘ದಿ ಬ್ಲೈಂಡ್ ಸೈಡ್’ ಬಂದಾಗಿನಿಂದ ಲೆಫ್ಟ್ ಟ್ಯಾಕಲ್ ಬಗ್ಗೆ ಮಾತಾಡುವ ಪ್ರತಿಯೊಬ್ಬನೂ 1985ರ ನವೆಂಬರ್ 18ರ ರಾತ್ರಿ ಲಾರೆನ್ಸ್ ಟೇಲರ್ ಕೈಯಲ್ಲಿ ಕ್ವಾರ್ಟರ್‌ಬ್ಯಾಕ್ ಜೋ ಥೀಸ್‌ಮನ್‌ನ ಕಾಲು ಮುರಿದದ್ದರಿಂದಲೇ ಶುರುಮಾಡುತ್ತಾನೆ. ಅವರಿಗೆ ಲೆಫ್ಟ್ ಟ್ಯಾಕಲ್ ಅಂದರೆ ಬಲಗೈಯಲ್ಲಿ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಕಾಣದ ಎಡಬದಿಯನ್ನು ಕಾಯುವವನು, ಆದ್ದರಿಂದ ಬೆಲೆಯುಳ್ಳವನು. ಪುಸ್ತಕ ಚೆನ್ನಾಗಿದೆ, ಲೂಯಿಸ್ ಬರೆದದ್ದು ಯಾವುದೂ ನೀರಸವಲ್ಲ. ಆದರೆ ಅದು ಬೆಲೆಯ ಕಥೆ. ಸಂತೆಯಲ್ಲಿ ದರ ಏರಿದ್ದು ಯಾಕೆಂದು ಹೇಳುತ್ತದೆ, ಕಸುಬು ಹೇಗಿರುತ್ತದೆಂದಲ್ಲ. ಆಗ ಸಂಬಳವೇ ಇರದಿದ್ದ ಕಾಲೇಜು ಹುಡುಗನ ಮೇಲೆ ಆ ಅಳತೆಗೋಲು ಹಿಡಿದರೆ ಏನಾಗುತ್ತದೆ? ಅವನು ಕಾಲೇಜಿನಲ್ಲಿ ಆಡಿದ್ದೆಲ್ಲ ಮುಂದಿನ ಕರಾರಿಗೆ ಮುನ್ನುಡಿಯಾಗುತ್ತದೆ. ಪೇಸ್ ಓಹಾಯೋ ಸ್ಟೇಟ್‌ನಲ್ಲಿ ಕಾವಲುಗಾರ ಮಾತ್ರ ಆಗಿರಲಿಲ್ಲ, ದಾರಿ ತೆಗೆಯುವವನೂ ಆಗಿದ್ದ. 1995ರಲ್ಲಿ ಎಡ್ಡಿ ಜಾರ್ಜ್ 1,927 ಗಜ ಓಡಿ ಹೈಸ್ಮನ್ ಗೆದ್ದು ಹೋದ. ಮರುವರ್ಷ ಅವನ ಜಾಗಕ್ಕೆ ಬಂದ ಪೆಪೆ ಪಿಯರ್ಸನ್ ಕೂಡ ಸಾವಿರ ಗಜವನ್ನು ಆರಾಮವಾಗಿ ದಾಟಿದ. ಓಟಗಾರ ಬದಲಾದ, ದಾರಿ ಬದಲಾಗಲಿಲ್ಲ. ಆ ದಾರಿ ಒಬ್ಬನದಲ್ಲ, ಮುಂಸಾಲಿನ ಐವರದು ಎಂಬುದೂ ನಿಜ. ಆದರೂ ಬಿಗ್ ಟೆನ್ ಒಕ್ಕೂಟದ ಅತ್ಯುತ್ತಮ ಆಟಗಾರನಿಗೆ ಷಿಕಾಗೋ ಟ್ರಿಬ್ಯೂನ್ ಕೊಡುವ ಸಿಲ್ವರ್ ಫುಟ್‌ಬಾಲ್ 1996ರಲ್ಲಿ ಆ ಐವರಲ್ಲಿ ಒಬ್ಬನ ಪಾಲಾಯಿತಲ್ಲ.

ಬಿಲ್ಲೆಯ ಪಕ್ಷದವರ ಕೊನೆಯ ಅಸ್ತ್ರ ಇದು: ಪ್ಯಾನ್‌ಕೇಕ್ ಎಣಿಸದೆ ಹೋಗಿದ್ದರೆ ಲೈನ್‌ಮನ್‌ನನ್ನು ಯಾರು ಗಮನಿಸುತ್ತಿದ್ದರು? ಅಂಕಿಯಿಲ್ಲದವನಿಗೆ ಒಂದು ಅಂಕಿ ಸಿಕ್ಕಿತಲ್ಲ, ಅದೇ ಲಾಭ. ಕೇಳುವುದಕ್ಕೆ ನ್ಯಾಯವಾದ ಮಾತು. ಇದಕ್ಕೆ ಉತ್ತರ ಓಹಾಯೋ ಸ್ಟೇಟ್ ಇರುವ ಕೊಲಂಬಸ್ ಊರಿನಲ್ಲೇ ಇದೆ. 1973ರಲ್ಲಿ ಓಹಾಯೋ ಸ್ಟೇಟ್‌ನ ಇನ್ನೊಬ್ಬ ಟ್ಯಾಕಲ್ ಜಾನ್ ಹಿಕ್ಸ್ ಹೈಸ್ಮನ್ ಮತದಾನದಲ್ಲಿ ಎರಡನೆಯವನಾಗಿ ಬಂದ, ಪೆನ್ ಸ್ಟೇಟ್‌ನ ಜಾನ್ ಕ್ಯಾಪೆಲೆಟ್ಟಿಯ ಹಿಂದೆ. ಆಗ ಬಿಲ್ಲೆ ಇರಲಿಲ್ಲ, ದೋಸೆಯ ಲೆಕ್ಕವಿರಲಿಲ್ಲ, ಬ್ಲೈಂಡ್ ಸೈಡ್ ಸಿದ್ಧಾಂತವಂತೂ ಇರಲೇ ಇಲ್ಲ. ಕೋಚ್ ವುಡಿ ಹೇಯ್ಸ್‌ನ ತಂಡ ಪಾಸ್ ಎಸೆಯುವುದೇ ಅಪರೂಪವಾಗಿತ್ತು. ಬರಿಗಣ್ಣಲ್ಲಿ ನೋಡಿ ಮತ ಹಾಕಿದವರು ಲೈನ್‌ಮನ್‌ಗೆ ಎರಡನೆಯ ಸ್ಥಾನ ಕೊಟ್ಟರು. ಇಪ್ಪತ್ತಮೂರು ವರ್ಷದ ಮೇಲೆ ಲೆಕ್ಕ ನೋಡಿ ಮತ ಹಾಕಿದವರು ಕೊಟ್ಟದ್ದು ನಾಲ್ಕನೆಯದು.

ಪೇಸ್‌ನ ವಿರುದ್ಧ ಹೇಳಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಕೊನೆಯ ಎರಡು ಋತುಗಳಲ್ಲಿ ಅವನ ಕಡೆಯಿಂದ ಒಂದೂ ಸ್ಯಾಕ್ ಆಗಲಿಲ್ಲ, ಅಂದರೆ ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ನೆಲಕ್ಕುರುಳಲಿಲ್ಲ, ಎಂಬ ಪ್ರಸಿದ್ಧ ಮಾತೂ ಕಾಲೇಜಿನ ಲೆಕ್ಕವೇ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸ್ಯಾಕ್‌ಗಳನ್ನು ಅಧಿಕೃತವಾಗಿ ದಾಖಲಿಸತೊಡಗಿದ್ದು 2000ದಲ್ಲಿ. ಮಿಷಿಗನ್ ವಿರುದ್ಧ ಅವನ ಕೊನೆಯ ಎರಡು ಪಂದ್ಯಗಳೂ ಸೋಲು. 1996ರದ್ದಂತೂ ಮರೆಯುವಂಥದ್ದಲ್ಲ: ಅಜೇಯವಾಗಿ ಬಂದ ತಂಡ ತವರಿನಲ್ಲೇ 13-9ರಿಂದ ಸೋತಿತು. ಆ ಒಂಬತ್ತು ಅಂಕವೂ ಫೀಲ್ಡ್ ಗೋಲ್‌ಗಳಿಂದ ಬಂದದ್ದು. ದೇಶದ ಅತ್ಯುತ್ತಮ ಲೈನ್‌ಮನ್ ಇದ್ದ ತಂಡ ಗುರಿಯ ಗೆರೆಯನ್ನು ಒಮ್ಮೆಯೂ ದಾಟಲಿಲ್ಲ. ಭಕ್ತರ ಬರಹಗಳಲ್ಲಿ ಈ ಪಂದ್ಯ ಒಂದು ವಾಕ್ಯಕ್ಕೆ ಮುಗಿಯುತ್ತದೆ. ನಾನೂ ಹೆಚ್ಚು ಹಿಗ್ಗಿಸುವುದಿಲ್ಲ.

ನಿಲ್ಲಬೇಕಾದದ್ದು ಅವನ ಕೊನೆಯ ಕಾಲೇಜು ಪಂದ್ಯದ ಬಳಿ. 1997ರ ಜನವರಿ 1, ರೋಸ್ ಬೌಲ್. ಎದುರಿಗೆ ಒಂದೂ ಪಂದ್ಯ ಸೋಲದ ಅರಿಜೋನಾ ಸ್ಟೇಟ್. ಅವರ ಕ್ವಾರ್ಟರ್‌ಬ್ಯಾಕ್ ಜೇಕ್ ಪ್ಲಮ್ಮರ್, ಹೈಸ್ಮನ್ ಮತದಾನದಲ್ಲಿ ಪೇಸ್‌ಗಿಂತ ಒಂದು ಮೆಟ್ಟಿಲು ಮೇಲೆ ಮೂರನೆಯವನಾಗಿ ನಿಂತವನು. ಒಂದು ನಿಮಿಷ ನಲವತ್ತು ಸೆಕೆಂಡ್ ಉಳಿದಿದ್ದಾಗ ಪ್ಲಮ್ಮರ್ ತಾನೇ ಓಡಿ ಟಚ್‌ಡೌನ್ ಹೊಡೆದ, 17-14. ಓಹಾಯೋ ಸ್ಟೇಟ್‌ಗೆ ಇನ್ನು 65 ಗಜ ಹೋಗಬೇಕಿತ್ತು. ಓಡುವುದಕ್ಕೆ ಸಮಯವಿಲ್ಲ, ಪಾಸ್ ಎಸೆಯಲೇಬೇಕು. ಅದು ಎದುರಾಳಿಗೂ ಗೊತ್ತು, ಇಡೀ ಕ್ರೀಡಾಂಗಣಕ್ಕೂ ಗೊತ್ತು. ಇಂಥ ಹೊತ್ತಿನಲ್ಲಿ ಟ್ಯಾಕಲ್ ಯಾರನ್ನೂ ಕೆಡವಲು ಹೋಗುವುದಿಲ್ಲ. ಹೋದರೆ ಕೆಟ್ಟ. ಅವನು ಹಿಂದಕ್ಕೆ, ಓರೆಯಾಗಿ, ಒಂದು ಕಾಲು ಜಾರಿಸಿ ಇನ್ನೊಂದನ್ನು ಎಳೆದುಕೊಳ್ಳುತ್ತಾ ಸರಿಯುತ್ತಾನೆ. ಎದುರಾಳಿ ಹೊರಗಿನಿಂದ ಸುತ್ತಿ ಬರಲಿ ಎಂದು ಬಿಡುತ್ತಾನೆ, ಸುತ್ತು ದೊಡ್ಡದಾಗುವಂತೆ ಮಾಡುತ್ತಾನೆ, ಅಷ್ಟರಲ್ಲಿ ಚೆಂಡು ಹೋಗಿರುತ್ತದೆ. ನೋಡುವವನಿಗೆ ಏನೂ ಆಗಿಲ್ಲವೆನಿಸುತ್ತದೆ. ಬದಲಿ ಕ್ವಾರ್ಟರ್‌ಬ್ಯಾಕ್ ಜೋ ಜರ್ಮೇನ್ ಪಾಸಿನ ಮೇಲೆ ಪಾಸ್ ಎಸೆಯುತ್ತಾ ಹೋದ. ಕೊನೆಯದು ಡೇವಿಡ್ ಬಾಸ್ಟನ್ ಕೈಗೆ, 19 ಸೆಕೆಂಡ್ ಉಳಿದಿದ್ದಾಗ. 20-17. ಪ್ಲಮ್ಮರ್ ಅಂಚಿನ ಗೆರೆಯಾಚೆ ನಿಂತು ನೋಡುತ್ತಿದ್ದ.